ಕೇಬಲ್ ತುದಿಯಲ್ಲಿ ಕೂತ ಕಿಡಿ

ಶಿವರಾತ್ರಿ ಕಳೆದು ಯುಗಾದಿ ಇನ್ನೂ ಬಾರದ ಈ ವಾರಗಳು ಬೆಂಗಳೂರಿಗೆ ವರ್ಷದಲ್ಲೇ ಅತಿ ಒಣ ದಿನಗಳು. ಮಧ್ಯಾಹ್ನದ ಹೊತ್ತಿಗೆ ಗಾಳಿಯ ತೇವಾಂಶ ಶೇ 30ಕ್ಕಿಂತ ಕೆಳಗಿಳಿಯುವುದು ಮಾಮೂಲು. ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಪಟ ಸದ್ದು, ಕಾರಿನ ಬಾಗಿಲು ಮುಟ್ಟಿದರೆ ಬೆರಳ ತುದಿಗೆ ಚುರುಕ್ ಎನ್ನುವ ಷಾಕ್. ಬಹಳಷ್ಟು ಜನರಿಗೆ ಅದು ಅಷ್ಟಕ್ಕೇ ಮುಗಿಯುತ್ತದೆ. ಮನೆಯ ಮೇಜಿನ ಮೇಲೆ ಸ್ಪೆಕ್ಟ್ರಮ್ ಅನಲೈಸರನ್ನೋ ನೆಟ್‌ವರ್ಕ್ ಅನಲೈಸರನ್ನೋ ಇಟ್ಟುಕೊಂಡವರಿಗೆ ಮಾತ್ರ ಇದು ಮೈಯೆಲ್ಲ ಎಚ್ಚರವಾಗಿರಬೇಕಾದ ಕಾಲ. ಈ ವಾರದ ಅಂಕಣ ಅವರಿಗಾಗಿ.

ಅಂಥವರು ಈಗ ವಿರಳವೇನಲ್ಲ. 2019ರಿಂದೀಚೆಗೆ ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಹ್ಯಾಮ್ ರೇಡಿಯೊದವರ ಕೈಸೇರಿತು. ಅದಕ್ಕೂ ಮುಂಚೆ ನೆಟ್‌ವರ್ಕ್ ಅನಲೈಸರ್ ಎಂದರೆ ದೊಡ್ಡ ಪ್ರಯೋಗಾಲಯಗಳಲ್ಲಿ ಗಾಜಿನಾಚೆ ನಿಂತು ನೋಡುವ ವಸ್ತು. ಇನ್ನೊಂದು ಕಡೆ, ಕಾರ್ಖಾನೆಗಳು ಹರಾಜು ಹಾಕಿದ ಹಳೆಯ ಎಚ್‌ಪಿ, ಟೆಕ್‌ಟ್ರಾನಿಕ್ಸ್ ಪೆಟ್ಟಿಗೆಗಳು ಎಸ್.ಪಿ. ರಸ್ತೆಯಂಥ ಜಾಗಗಳನ್ನು ಹಾದು ಆಸಕ್ತರ ಮನೆಗೆ ಬರುತ್ತಿವೆ. ಮೂವತ್ತು ವರ್ಷದ ಹಿಂದೆ ಕಟ್ಟಿದ ಉಪಕರಣವೊಂದು ಇವತ್ತಿಗೂ ಕರಾರುವಾಕ್ಕಾಗಿ ಅಳೆಯುವುದನ್ನು ನೋಡುವ ಸುಖ ಅನುಭವಿಸಿದವರಿಗೇ ಗೊತ್ತು.

ಈ ಹಳೆಯ ಪೆಟ್ಟಿಗೆಗಳು ಮುಪ್ಪಿನಿಂದ ಸಾಯುವುದು ಕಡಿಮೆ. ಪವರ್ ಸಪ್ಲೈಯ ಕೆಪಾಸಿಟರ್ ಒಣಗಿದರೆ ಬದಲಿಸಬಹುದು, ಫ್ಯಾನ್ ನಿಂತರೆ ಹೊಸದು ಹಾಕಬಹುದು. ಅವು ನಿಜವಾಗಿ ಸಾಯುವುದು ಬಾಯಿಯಿಂದ. ಮುಂಭಾಗದಲ್ಲಿ 'ಆರ್‌ಎಫ್ ಇನ್‌ಪುಟ್' ಎಂದು ಬರೆದಿರುವ ಆ ಒಂದು ಕನೆಕ್ಟರ್ ಇದೆಯಲ್ಲ, ಅದರ ಹಿಂದೆ ಅಟೆನ್ಯುಯೇಟರ್, ಅದರ ಹಿಂದೆ ಮೊದಲ ಮಿಕ್ಸರ್, ಆ ಮಿಕ್ಸರಿನೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜಂಕ್ಷನ್ನಿನ ಷಾಟ್ಕಿ ಡಯೋಡುಗಳು. ಅಳತೆಯ ನಿಖರತೆಗಾಗಿಯೇ ಅವನ್ನು ಅಷ್ಟು ಸಣ್ಣದಾಗಿ ಮಾಡಿರುತ್ತಾರೆ. ದಪ್ಪ ಮಾಡಿದರೆ ಗಿಗಾಹರ್ಟ್ಸ್‌ಗಳಲ್ಲಿ ಕೆಲಸವೇ ಮಾಡುವುದಿಲ್ಲ. ಹಳೆಯ ಮಾದರಿಗಳಿಗೆ ಆ ಮಿಕ್ಸರ್ ಬಿಡಿಯಾಗಿ ಸಿಗುವುದು ದುರ್ಲಭ. ಹಾಗಾಗಿ ಈ ಹವ್ಯಾಸದಲ್ಲಿ ನನ್ನ ಮೊದಲ ಮಾತು ಯಾವಾಗಲೂ ಒಂದೇ: ಪೆಟ್ಟಿಗೆಯ ಮೈ ಹೊಳೆಯದಿದ್ದರೂ ಪರವಾಗಿಲ್ಲ, ಆ ಬಾಯಿಯನ್ನು ಕಾಪಾಡಿ.

ಸ್ಟ್ಯಾಟಿಕ್ ಎಂದ ಕೂಡಲೇ ಎಲ್ಲರೂ ತಮ್ಮ ಕೈಯನ್ನು ನೋಡಿಕೊಳ್ಳುತ್ತಾರೆ. ಸರಿಯೇ. ಉದ್ಯಮದವರು ಪರೀಕ್ಷೆಗೆಂದು ಒಪ್ಪಿಕೊಂಡಿರುವ ಮಾದರಿಯಲ್ಲಿ ಮನುಷ್ಯನ ದೇಹವೆಂದರೆ 100 ಪಿಕೊಫ್ಯಾರಡ್‌ನ ಒಂದು ಕೆಪಾಸಿಟರ್, ಅದರ ಮುಂದೆ 1,500 ಓಮ್‌ನ ಒಂದು ರೆಸಿಸ್ಟರ್. ಬೆರಳಿಗೆ ಚುರುಕ್ ಎಂದು ತಿಳಿಯಬೇಕಾದರೆ ಆ ಕೆಪಾಸಿಟರ್ ಸುಮಾರು 3,000 ವೋಲ್ಟ್‌ಗೆ ಏರಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಸೂಕ್ಷ್ಮ ಡಯೋಡಿಗೆ 100 ವೋಲ್ಟ್ ಕೂಡ ಸಾಕು. ಅಂದರೆ 'ನನಗೆ ಷಾಕ್ ಹೊಡೆಯಲಿಲ್ಲ, ಏನೂ ಆಗಿಲ್ಲ' ಎಂಬ ಸಮಾಧಾನಕ್ಕೆ ಆಧಾರವಿಲ್ಲ. 3,000 ವೋಲ್ಟ್‌ನ ದೇಹ ಮುಟ್ಟಿದಾಗ 1,500 ಓಮ್ ಅಡ್ಡ ಇರುವುದರಿಂದ ಗರಿಷ್ಠ 2 ಆಂಪಿಯರ್ ಹರಿಯುತ್ತದೆ.

ಈಗ ಕೇಬಲ್ ಕಡೆ ನೋಡಿ. ನಮ್ಮೆಲ್ಲರ ಮೇಜಿನ ಮೇಲೂ ಬಿದ್ದಿರುವ ಆರ್‌ಜಿ-58 ಕೇಬಲ್‌ಗೆ ಒಂದು ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ನಿಮ್ಮ ದೇಹದಷ್ಟೇ! ವ್ಯತ್ಯಾಸವೇನೆಂದರೆ, ದೇಹಕ್ಕಿರುವ 1,500 ಓಮ್‌ನ ತಡೆ ಇದಕ್ಕಿಲ್ಲ. ಇದರದು ಬರೀ 50 ಓಮ್. ತುದಿ ಬಿಚ್ಚಿಕೊಂಡು ಬಿದ್ದಿರುವ ಒಂದು ಮೀಟರ್ ಕೇಬಲ್ 500 ವೋಲ್ಟ್‌ಗೆ ಏರಿದೆ ಎಂದುಕೊಳ್ಳಿ. ಚಾರ್ಜ್ ಆದ ಕೈ ಅದರ ನಡುವಿನ ಪಿನ್ನಿಗೆ ತಗುಲಿದರೂ ಸಾಕು, ಅಷ್ಟು ಏರೀತು. ಅದನ್ನು ಅನಲೈಸರಿನ 50 ಓಮ್ ಇನ್‌ಪುಟ್‌ಗೆ ಸೇರಿಸಿದ ಕ್ಷಣ ಅರ್ಧದಷ್ಟು, ಅಂದರೆ 250 ವೋಲ್ಟ್, 5 ಆಂಪಿಯರ್ ಕರೆಂಟಿನೊಡನೆ ಸುಮಾರು 10 ನ್ಯಾನೊಸೆಕೆಂಡ್ ಕಾಲ ಒಳಗೆ ನುಗ್ಗುತ್ತದೆ. ಆ ಇನ್‌ಪುಟ್‌ನ ಮೇಲೆ ಸಾಮಾನ್ಯವಾಗಿ ಬರೆದಿರುವ ಮಿತಿ 1 ವಾಟ್. 50 ಓಮ್‌ನಲ್ಲಿ 1 ವಾಟ್ ಎಂದರೆ ಗರಿಷ್ಠ 10 ವೋಲ್ಟ್. ಹತ್ತು ತಡೆಯುವ ಜಾಗಕ್ಕೆ ಇನ್ನೂರೈವತ್ತು. ಅದೂ ಯಾವ ಸದ್ದೂ ಇಲ್ಲದೆ, ನಿಮ್ಮ ಬೆರಳಿಗೆ ಏನೂ ತಿಳಿಯದೆ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ನೆಲಕ್ಕೆ ಮ್ಯಾಟ್ ಹಾಸಿ, ಎಲ್ಲ ಶಿಸ್ತು ಪಾಲಿಸಿದವರೂ ಕೇಬಲನ್ನು ಮರೆಯುತ್ತಾರೆ. ಪರಿಹಾರ ಸುಲಭ. ಕೇಬಲ್‌ನ ಇನ್ನೊಂದು ತುದಿಗೆ ಮೊದಲು 50 ಓಮ್ ಟರ್ಮಿನೇಷನ್ ಅಥವಾ ಷಾರ್ಟಿಂಗ್ ಕ್ಯಾಪ್ ಹಾಕಿ. ಚಾರ್ಜ್ ಅಲ್ಲೇ ಇಳಿದುಹೋಗುತ್ತದೆ. ಆಮೇಲೆ ಕೇಬಲ್‌ನ ಹೊರಗಿನ ಲೋಹವನ್ನು ಉಪಕರಣದ ಹೊರಗಿನ ಲೋಹಕ್ಕೆ ಮುಟ್ಟಿಸಿ. ಆಮೇಲಷ್ಟೇ ಜೋಡಿಸಿ. ಅನಲೈಸರಿನ ಒಳಗಿನ ಅಟೆನ್ಯುಯೇಷನ್ ಅನ್ನು 10 ಡಿಬಿ ಅಥವಾ ಹೆಚ್ಚಿಗಿಟ್ಟು ಜೋಡಿಸುವುದು ಇನ್ನೂ ಒಳ್ಳೆಯದು. ಸ್ವಿಚ್ ಆಫ್ ಮಾಡಿದ್ದರೆ ಅಪಾಯವಿಲ್ಲ ಎಂದು ತಿಳಿದವರಿದ್ದಾರೆ. ಡಯೋಡಿಗೆ ಸ್ವಿಚ್ಚಿನ ಗೊಡವೆಯಿಲ್ಲ. ಆಫ್ ಇದ್ದಾಗಲೂ ಅಷ್ಟೇ ಸುಲಭವಾಗಿ ಸುಡುತ್ತದೆ.

ಪಟ್ಟಿಯ ವಿಚಾರಕ್ಕೆ ಬಂದರೆ, ಅದರ ತಂತಿಯಲ್ಲಿ ಅಡಗಿರುವ 1 ಮೆಗಾಓಮ್ ರೆಸಿಸ್ಟರ್ ಬಗ್ಗೆ ಎರಡು ಮಾತು. ಚಾರ್ಜನ್ನು ನೆಲಕ್ಕಿಳಿಸಲು ಬರೀ ತಂತಿ ಸಾಕಲ್ಲವೇ ಎಂದು ಕೆಲವರು ಮನೆಯಲ್ಲೇ ತಾಮ್ರದ ತಂತಿ ಸುತ್ತಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಕೈ ಎಲ್ಲಾದರೂ 230 ವೋಲ್ಟ್ ಮೈನ್ಸ್‌ಗೆ ತಾಗಿದರೆ ಆ 1 ಮೆಗಾಓಮ್ ಕರೆಂಟನ್ನು 0.23 ಮಿಲಿಆಂಪಿಯರ್‌ಗೆ ತಡೆಹಿಡಿಯುತ್ತದೆ. ಬರೀ ತಂತಿಯಿದ್ದರೆ ಜೀವವೇ ಹೋದೀತು. ಇನ್ನೊಂದು, ಪಟ್ಟಿ ಕಟ್ಟಿಕೊಂಡು ಹಳೆಯ ಆಸಿಲೋಸ್ಕೋಪನ್ನು ಆನ್ ಇಟ್ಟು ಒಳಗೆ ಕೈಹಾಕಲೇಬಾರದು. ಸಿಆರ್‌ಟಿಗೆ ಹೋಗುವ ವೋಲ್ಟೇಜ್ ಹತ್ತಿಪ್ಪತ್ತು ಸಾವಿರ ಇರಬಹುದು. ಅಲ್ಲಿ ನೆಲಕ್ಕೆ ಕಟ್ಟಿಕೊಂಡ ಕೈಯೇ ಶತ್ರು.

ನೆಲಕ್ಕೆ ಎಂದಾಗ ಅರ್ಥಿಂಗ್ ಮಾತು ಬಂದೇ ಬರುತ್ತದೆ. ಮೂರು ಪಿನ್ನಿನ ಪ್ಲಗ್ ಸಾಕೆಟ್ಟಿಗೆ ಕೂರುವುದಿಲ್ಲವೆಂದು ಉದ್ದದ ಪಿನ್ ಮುರಿದ, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ ಬೆಂಚುಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅರ್ಥ್ ಇಲ್ಲದ ಪೆಟ್ಟಿಗೆಯ ಲೋಹದ ಮೈ ಅದರ ಲೈನ್ ಫಿಲ್ಟರ್‌ನ ಕೆಪಾಸಿಟರ್‌ಗಳ ದೆಸೆಯಿಂದ ಮೈನ್ಸ್‌ನ ಅರ್ಧದಷ್ಟು, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಜುಂ ಎನ್ನುವುದು ಇದೇ. ಅಂಥ ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ನ್ಯಾನೊವಿಎನ್‌ಎ ಕಟ್ಟಿ, ಅದರ ಎಸ್‌ಎಂಎ ತುದಿಯನ್ನು ಅರ್ಥ್ ಆಗಿರುವ ಆಂಟೆನಾಗೆ ಜೋಡಿಸಹೋದರೆ ಆ ತೇಲುವ ವೋಲ್ಟೇಜ್ ಹಾದುಹೋಗುವ ದಾರಿ ಯಾವುದೆಂದು ಊಹಿಸಿ. ಇದು ಸ್ಟ್ಯಾಟಿಕ್ ಅಲ್ಲ, ಆದರೆ ಹಾನಿ ಒಂದೇ ತೆರನಾದ್ದು. ಅಳತೆಯ ಹೊತ್ತಿನಲ್ಲಿ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಬಲ್ಲ ವೈರ್‌ಮನ್ ಕರೆಸಿ ಒಮ್ಮೆ ನೋಡಿಸಿ. ಭಾರತೀಯ ಮಾನಕ ಸಂಸ್ಥೆಯ ಐಎಸ್ 3043 ಅದಕ್ಕೆಂದೇ ಇರುವ ಕೈಪಿಡಿ.

ಬೆಂಚಿನ ಸುತ್ತ ಏನಿರಬಾರದು? ಥರ್ಮಾಕೋಲ್ ಮೊದಲ ವೈರಿ. ಉಪಕರಣ ಬಂದ ಪೆಟ್ಟಿಗೆಯ ತುಂಡುಗಳನ್ನು ಜೋಪಾನವಾಗಿ ಪಕ್ಕದಲ್ಲೇ ಇಟ್ಟುಕೊಳ್ಳುವವರು ಬಹಳ. ಪ್ಲಾಸ್ಟಿಕ್ ಕವರು, ಬಬಲ್ ರ‍್ಯಾಪ್, ಸೆಲೊಟೇಪಿನ ಸುರುಳಿ ಇವೂ ಅಷ್ಟೇ. ನೈಲಾನ್ ಜಮಖಾನ, ಪ್ಲಾಸ್ಟಿಕ್ ಕುರ್ಚಿ, ರಬ್ಬರ್ ಚಪ್ಪಲಿ ಸೇರಿದರೆ ನೀವೇ ನಡೆದಾಡುವ ಕೆಪಾಸಿಟರ್. ಹತ್ತಿ ಬಟ್ಟೆ ಹಾಕಿ ಕೂರುವುದು ಎಷ್ಟೋ ವಾಸಿ. ನಮ್ಮ ಹಳೆಯ ಮನೆಗಳ ಕಾವಿ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ದೇಹದ ಚಾರ್ಜ್ ತುಸುತುಸುವಾಗಿ ಇಳಿಯುವುದುಂಟು, ಈಗಿನ ಹೊಳೆಯುವ ವಿಟ್ರಿಫೈಡ್ ಟೈಲ್ಸ್‌ನಲ್ಲಿ ಆ ಅನುಕೂಲವಿಲ್ಲ. ಹಾಗೆಂದು ನೆಲವನ್ನು ನಂಬಿ ಪಟ್ಟಿ ಬಿಡಬೇಡಿ. ಬಿಡಿಭಾಗ ಎತ್ತಿಡುವ ಚೀಲಗಳ ವಿಚಾರದಲ್ಲೂ ಗೊಂದಲವಿದೆ: ಗುಲಾಬಿ ಚೀಲ ತಾನು ಚಾರ್ಜ್ ಆಗದು ಅಷ್ಟೇ, ಹೊರಗಿನ ಕಿಡಿಯನ್ನು ತಡೆಯದು. ತಡೆಯುವುದು ಒಳಗೆ ಲೋಹದ ಪದರವಿರುವ ಬೂದುಬೆಳ್ಳಿ ಬಣ್ಣದ ಚೀಲ.

ಇನ್ನು ನೋಡುವ ಕೆಲಸ. ಒರೆಸುವುದಕ್ಕಿಂತ ನೋಡುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಡಿಯಾರ ರಿಪೇರಿಯವರು ಕಣ್ಣಿಗಿಟ್ಟುಕೊಳ್ಳುತ್ತಾರಲ್ಲ, ಅಂಥ ಹತ್ತು ಪಟ್ಟು ಹಿಗ್ಗಿಸುವ ಲೂಪ್ ಒಂದು, ಒಳ್ಳೆಯ ಬೆಳಕೊಂದು ಸಾಕು. ಕನೆಕ್ಟರನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಥ್ರೆಡ್ಡಿನಿಂದ ಉದುರಿದ ಲೋಹದ ಹರಳು ಒಳಗೆ ಬಿದ್ದಿದೆಯೇ? ನಡುವಿನ ಪಿನ್ ವಾಲಿದೆಯೇ? ಹೆಣ್ಣು ಕನೆಕ್ಟರಿನ ಒಳಗಿನ ಬೆರಳುಗಳಲ್ಲಿ ಒಂದು ಅಗಲಿಸಿಕೊಂಡಿದೆಯೇ, ಮುರಿದಿದೆಯೇ? ಚಿನ್ನದ ಲೇಪ ಸವೆದು ಕೆಳಗಿನ ಲೋಹ ಇಣುಕುತ್ತಿದೆಯೇ? ಪಿನ್ ಇರಬೇಕಾದ ಮಟ್ಟಕ್ಕಿಂತ ಮುಂದೆ ಚಾಚಿಕೊಂಡಿದ್ದರೆ ಅದು ಎಲ್ಲಕ್ಕಿಂತ ಅಪಾಯ. ತುಸು ಹಿಂದೆ ಸರಿದ ಪಿನ್ ಅಳತೆಯನ್ನಷ್ಟೇ ಕೆಡಿಸುತ್ತದೆ. ಮುಂದೆ ಚಾಚಿದ ಪಿನ್ ಎದುರಿನ ಕನೆಕ್ಟರನ್ನೇ ಒಡೆಯುತ್ತದೆ.

ಇಲ್ಲಿ ಕರುಣೆ ತೋರಬಾರದು. ಕೆಟ್ಟ ಒಂದು ಕನೆಕ್ಟರ್ ತಾನು ಸೇರಿದ ಒಳ್ಳೆಯದನ್ನು ಕೆಡಿಸುತ್ತದೆ, ಕೆಟ್ಟ ಆ ಒಳ್ಳೆಯದು ಮುಂದಿನದನ್ನು. ಹಾಳಾದ ಕೇಬಲ್ ಕಂಡರೆ ಡ್ರಾಯರಿಗೆ ವಾಪಸು ಹಾಕದೆ ಅದರ ತುದಿಯನ್ನು ಅಲ್ಲೇ ಕತ್ತರಿಸಿಬಿಡಿ. 'ಯಾವುದಕ್ಕಾದರೂ ಬೇಕಾದೀತು' ಎಂದು ಎತ್ತಿಟ್ಟ ಕೇಬಲ್ ಒಂದು ದಿನ ಅವಸರದಲ್ಲಿ ಅನಲೈಸರಿನ ಬಾಯಿಗೇ ಬರುತ್ತದೆ. 75 ಓಮ್‌ನ ಎನ್-ಟೈಪ್ ಕನೆಕ್ಟರುಗಳನ್ನೂ ಬೇರೆಯೇ ಡಬ್ಬಿಯಲ್ಲಿಡಿ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಆದರೆ 50 ಓಮ್‌ನ ಗಂಡು ಪಿನ್ ದಪ್ಪ. ಅದನ್ನು 75 ಓಮ್‌ನ ಹೆಣ್ಣಿಗೆ ತುರುಕಿದರೆ ಒಳಗಿನ ಬೆರಳುಗಳು ಶಾಶ್ವತವಾಗಿ ಅಗಲುತ್ತವೆ.

ಲೂಪ್‌ನಲ್ಲಿ ಕೊಳೆ ಕಂಡರೆ ಮಾತ್ರ ಒರೆಸಿ. ಮೊದಲು ಗಾಳಿ: ಕ್ಯಾಮೆರಾದವರ ರಬ್ಬರ್ ಬ್ಲೋವರ್ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತವೆ, ಅದು ಬೇಡ. ಬಾಯಿಂದ ಊದಿದರೆ ಉಗುಳಿನ ತೇವ. ಗಾಳಿಗೆ ಹೋಗದ ಕೊಳೆಗೆ ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಎಲ್ಲರೂ ಐಪಿಎ ಎನ್ನುವುದು. ಸ್ಯಾನಿಟೈಸರ್ ಅದಕ್ಕೆ ಬದಲಿಯಲ್ಲ. ಕೈಯ ಚರ್ಮಕ್ಕೆಂದು ಅದರಲ್ಲಿ ಬೆರೆಸಿರುವ ಗ್ಲಿಸರಿನ್ ಚಿನ್ನದ ಮೇಲೆ ಪೊರೆಯಾಗಿ ಕೂರುತ್ತದೆ. ಪೆಟ್ರೋಲ್, ಥಿನ್ನರ್ ಒಳಗಿನ ಪ್ಲಾಸ್ಟಿಕ್ಕನ್ನೇ ತಿನ್ನಬಹುದು. ಹಳೆಯ ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ತೊಳೆಯಲು ಸಿಎಫ್‌ಸಿ-113 ಎಂಬ ದ್ರವ ಬಳಸುತ್ತಿದ್ದರು. ಓಜೋನ್ ಪದರಕ್ಕಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ನಂತರ ಅದು ತೆರೆಮರೆಗೆ ಸರಿಯಿತು. ಈಗ ಐಪಿಎಯೇ ಗತಿ, ಮತ್ತು ಅದು ಸಾಕು.

ಕಿವಿಗೆ ಹಾಕುವ ಹತ್ತಿಕಡ್ಡಿಯ ಎಳೆಗಳು ಒಳಗೇ ಉಳಿದುಬಿಡುತ್ತವೆ. ಫೋಮ್ ತುದಿಯ ಕಡ್ಡಿ ಬಳಸಿ. ಎಸ್‌ಎಂಎಯಂಥ ಕಿರಿದಾದ ಬಾಯಿಗೆ ಮರದ ಹಲ್ಲುಕಡ್ಡಿಗೆ ನೂಲು ಬಿಡದ ಬಟ್ಟೆಯ ಚೂರು ಸುತ್ತಿ. ದ್ರವವನ್ನು ಕಡ್ಡಿಗೆ ಹಾಕಿ, ಕನೆಕ್ಟರಿಗೆ ಸುರಿಯಬೇಡಿ. ನಡುವಿನ ಪಿನ್ನನ್ನು ಹಿಡಿದಿರುವ ಬಿಳಿಯ ಬಿಲ್ಲೆಗೆ ಅದು ತಾಗದಿದ್ದರೆ ಒಳಿತು. ಥ್ರೆಡ್ಡನ್ನು ಗಟ್ಟಿಯಾಗಿಯೇ ಒರೆಸಬಹುದು, ಅಂಚಿನ ಸಮತಟ್ಟು ಮುಖವನ್ನು ಮೆತ್ತಗೆ, ನಡುವಿನ ಪಿನ್ನಿನ ಹತ್ತಿರ ಮಾತ್ರ ಉಸಿರು ಬಿಗಿಹಿಡಿದಂತೆ. ಪಕ್ಕಕ್ಕೆ ಒತ್ತಡ ಬೀಳಬಾರದು. ಪೆನ್ಸಿಲ್ ರಬ್ಬರು, ಮರಳು ಕಾಗದ ಹತ್ತಿರ ಸುಳಿಯಕೂಡದು, ಚಿನ್ನದ ಲೇಪ ಮೈಕ್ರಾನುಗಳ ಲೆಕ್ಕದ್ದು. ಐಪಿಎ ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಲೂಪ್.

ಒಂದು ಸೂಕ್ಷ್ಮ ಇದೆ. ಒರೆಸುವುದೂ ಉಜ್ಜುವುದೇ, ಉಜ್ಜಿದರೆ ಚಾರ್ಜ್ ಹುಟ್ಟುತ್ತದೆ. ಐಪಿಎಗೆ ಬೆಂಕಿ ಬೇಗ ಹತ್ತುವುದರಿಂದ ಪ್ಲಗ್ ಕಿತ್ತೇ ಒರೆಸಬೇಕು, ಆದರೆ ಪ್ಲಗ್ ಕಿತ್ತಾಗ ಪೆಟ್ಟಿಗೆಯ ಅರ್ಥ್ ಕೂಡ ಹೋಯಿತು. ಆದ್ದರಿಂದ ಪೆಟ್ಟಿಗೆಯ ಮೈಯಿಂದ ಬೆಂಚಿನ ಅರ್ಥ್‌ಗೆ ಪ್ರತ್ಯೇಕ ತಂತಿಯೊಂದನ್ನು ಕಟ್ಟಿ, ಕೈಗೆ ಪಟ್ಟಿ ಹಾಕಿಕೊಂಡು ಒರೆಸಿ. ಧೂಳು ಹೊಡೆಯಲು ನೈಲಾನ್ ಬ್ರಷ್ಷಿನ ಬದಲು ನೈಸರ್ಗಿಕ ಕೂದಲಿನ ಬ್ರಷ್ ಇರಲಿ. ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡುಗಳ ಹತ್ತಿರ ಒಯ್ಯಬೇಡಿ, ಹಿಂದಿನ ಫ್ಯಾನ್ ಜಾಲರಿಗಷ್ಟೇ ಸೀಮಿತವಾಗಿರಲಿ.

ಜೋಡಿಸುವಾಗ ನೇರವಾಗಿ ಒಳಕ್ಕೆ ಹೋಗಲಿ, ತಿರುಗಬೇಕಾದ್ದು ನಟ್ ಮಾತ್ರ. ಕೇಬಲ್‌ನ ಮೈಯನ್ನೇ ತಿರುಗಿಸಿದರೆ ಪಿನ್ ಬೆರಳುಗಳ ಮೇಲೆ ಅರೆಯುತ್ತದೆ. ನಲ್ಲಿ ರಿಪೇರಿಯವರು ಬಿಗಿದ ಹಾಗೆ ಇಕ್ಕಳ ಹಾಕಿ ಬಿಗಿಯುವವರನ್ನು ನೋಡಿದ್ದೇನೆ. ಎಸ್‌ಎಂಎಗೆ ಬೇಕಾದ ಬಿಗಿ ಬರೀ 0.56 ನ್ಯೂಟನ್-ಮೀಟರ್, ಎನ್-ಟೈಪಿಗೆ 1.36. ಎಸ್‌ಎಂಎಗೆಂದೇ ಬರುವ 8 ಮಿಲಿಮೀಟರಿನ ಟಾರ್ಕ್ ಸ್ಪ್ಯಾನರ್ ಸರಿಯಾದ ಹಂತದಲ್ಲಿ ತಾನೇ ಮುರಿದು ಬಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಎಸ್‌ಎಂಎಯ ಆಯುಸ್ಸು ಸಾಮಾನ್ಯವಾಗಿ 500 ಜೋಡಣೆಗಳೆಂದು ಹೇಳುತ್ತಾರೆ. ನ್ಯಾನೊವಿಎನ್‌ಎ ಇಟ್ಟುಕೊಂಡ ಉತ್ಸಾಹಿ ಅದನ್ನು ಬೇಗನೆ ದಾಟುತ್ತಾನೆ. ಹಾಗಾಗಿ ಇನ್‌ಪುಟ್‌ಗೆ ಒಂದು ಗಂಡು-ಹೆಣ್ಣು ಅಡಾಪ್ಟರನ್ನು ಕಾಯಂ ಹಾಕಿಟ್ಟುಬಿಡಿ. ಸವೆಯುವುದು ಆ ಅಡಾಪ್ಟರ್, ಉಳಿಯುವುದು ಉಪಕರಣ. ಈ ಹವ್ಯಾಸದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ರಕ್ಷಣೆ ಕೊಡುವ ವಸ್ತು ಇನ್ನೊಂದಿಲ್ಲ.

ತಾರಸಿಯ ಆಂಟೆನಾದಿಂದ ಇಳಿದುಬರುವ ಕೇಬಲ್ ಬಗ್ಗೆ ನನಗೆ ಅತಿ ಹೆಚ್ಚು ಭಯ. ಒಣಗಾಳಿ, ಧೂಳು, ದೂರದ ಗುಡುಗು ಮೋಡ ಇವೆಲ್ಲ ಅದನ್ನು ಚಾರ್ಜ್ ಮಾಡುತ್ತಲೇ ಇರುತ್ತವೆ. ಹತ್ತಿಪ್ಪತ್ತು ಮೀಟರ್ ಉದ್ದವಿದ್ದರೆ ಮೇಲೆ ಹಾಕಿದ ಲೆಕ್ಕದ ಹತ್ತಿಪ್ಪತ್ತು ಪಟ್ಟು ಚಾರ್ಜ್. ಫೋಲ್ಡೆಡ್ ಡೈಪೋಲ್‌ನಂತೆ ಡಿಸಿಗೆ ಷಾರ್ಟ್ ಆಗಿರುವ ಆಂಟೆನಾ ವಾಸಿ. ಇಲ್ಲವಾದರೆ ಕೇಬಲ್‌ಗೆ ಅಡ್ಡಲಾಗಿ ಲಕ್ಷ ಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಚಾರ್ಜ್ ಕೂಡಿಕೊಳ್ಳದೆ ಸೋರಿಹೋಗುತ್ತದೆ. ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕಿದ್ದೇನೆ ಎಂದು ನಿಶ್ಚಿಂತೆಯಾಗಿ ಕೂರುವಂತಿಲ್ಲ. ಅದು ಕೆಲಸ ಶುರುಮಾಡುವುದೇ ಸುಮಾರು 90 ವೋಲ್ಟ್‌ನಿಂದ ಮೇಲೆ. ನಮ್ಮ ಇನ್‌ಪುಟ್ ತಾಳುವುದು ಹತ್ತು. ಡಿಟಿಎಚ್ ಡಿಷ್‌ನ ಕೇಬಲ್ ಇನ್ನೊಂದು ಬಗೆ: ಸೆಟ್‌ಟಾಪ್ ಬಾಕ್ಸ್ ಅದರ ಮೇಲೆ 13 ಇಲ್ಲವೇ 18 ವೋಲ್ಟ್ ಡಿಸಿ ಕಳಿಸುತ್ತಿರುತ್ತದೆ. ಡಿಸಿ ತಡೆಯದ ಇನ್‌ಪುಟ್‌ಗೆ ಅದನ್ನು ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಡಿಸಿ ಬ್ಲಾಕ್ ಇಲ್ಲದೆ ಅಂಥ ಕೇಬಲ್ ಮುಟ್ಟಬೇಡಿ.

ಮಂಗಳೂರು, ಕಾರವಾರದ ಓದುಗರಿಗೆ ಸ್ಟ್ಯಾಟಿಕ್‌ನ ಕಾಟ ಕಡಿಮೆ. ಅವರ ಶತ್ರು ಬೂಷ್ಟು, ಕಿಲುಬು. ಮಳೆಗಾಲದಲ್ಲಿ ಉಪಕರಣವನ್ನು ವಾರಕ್ಕೆರಡು ಸಲ ಒಂದೆರಡು ಗಂಟೆ ಆನ್ ಇಟ್ಟರೆ ಒಳಗಿನ ಬಿಸಿಗೇ ತೇವ ಹೋಗುತ್ತದೆ. ಅಡಾಪ್ಟರುಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ.

ಸ್ಟ್ಯಾಟಿಕ್ ಪೆಟ್ಟಿನ ಕೆಟ್ಟ ಗುಣವೆಂದರೆ ಅದು ಹೇಳಿಕೊಳ್ಳುವುದಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ. ಪರದೆಯ ಮೇಲೆ ನಾಯ್ಸ್ ಎಂದಿನ ಮಟ್ಟದಲ್ಲೇ ಓಡುತ್ತಿರುತ್ತದೆ, ಸಿಗ್ನಲ್ ಮಾತ್ರ ಹತ್ತಿಪ್ಪತ್ತು ಡಿಬಿ ಕುಗ್ಗಿರುತ್ತದೆ. ಹೋಲಿಸಲು ಬೇರೆ ಮೂಲ ಇಲ್ಲದವರು ತಿಂಗಳುಗಟ್ಟಲೆ ತಪ್ಪು ಅಳತೆಯನ್ನೇ ನಂಬಿಕೊಂಡಿರುತ್ತಾರೆ. ಪುಣ್ಯಕ್ಕೆ ಬಹಳಷ್ಟು ಅನಲೈಸರುಗಳು ತಮ್ಮ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಲು ಒಂದು ಔಟ್‌ಪುಟ್ ಕೊಟ್ಟಿರುತ್ತವೆ. ಎಚ್‌ಪಿ 8590 ಸರಣಿಯಲ್ಲಿ 'ಕ್ಯಾಲ್ ಔಟ್' ಎಂಬ ಬಿಎನ್‌ಸಿ ಇದೆ. ಅದರಿಂದ 300 ಮೆಗಾಹರ್ಟ್ಸ್‌ನಲ್ಲಿ ಮೈನಸ್ 20 ಡಿಬಿಎಂ ಬರುತ್ತದೆ. ಸಣ್ಣ ಕೇಬಲ್‌ನಲ್ಲಿ ಅದನ್ನು ಇನ್‌ಪುಟ್‌ಗೆ ಕೊಟ್ಟು, ಅಟೆನ್ಯುಯೇಷನ್ನಿನ ಒಂದೊಂದು ಹಂತದಲ್ಲೂ ಓದಿ. ಒಂದು ಹಂತದಲ್ಲಷ್ಟೇ ತಪ್ಪು ಬಂದರೆ ಅಟೆನ್ಯುಯೇಟರನ್ನು, ಎಲ್ಲ ಹಂತದಲ್ಲೂ ಒಂದೇ ಸಮನೆ ಕಡಿಮೆ ಬಂದರೆ ಮಿಕ್ಸರನ್ನು ಅನುಮಾನಿಸಬೇಕು. ಹಳೆಯ ಅನಲೈಸರ್ ಕೊಳ್ಳಲು ಹೋದಾಗ ಪರದೆ ಬೆಳಗಿದ್ದನ್ನು ಕಂಡೇ ದುಡ್ಡು ಕೊಡದೆ, ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿಸಿ.

ಏಪ್ರಿಲ್‌ನ ಗುಡುಗು ಶುರುವಾಗಲು ಇನ್ನು ಹೆಚ್ಚು ದಿನವಿಲ್ಲ. ಈ ಭಾನುವಾರವೇ ನಿಮ್ಮ ಉಪಕರಣದ ಕ್ಯಾಲ್ ಔಟ್ ಅಳತೆಗಳನ್ನು ತೆಗೆದು, ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ಅನುಮಾನ ಬಂದಾಗ ಹೋಲಿಸಿ ನೋಡಲು ನಿಮ್ಮ ಬಳಿ ಇರುವುದು ಆ ಅಂಕಿಗಳಷ್ಟೇ.